ಅಲ್ಯೂಮಿನಿಯಂ ಪೆಟ್ಟಿಗೆಯೊಳಗಿನ ತೀರ್ಮಾನಗಳು

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಯಾಂತ್ರಿಕ ದೋಷಗಳು ಸಾಮಾನ್ಯವಾಗಿ ತಮ್ಮ ಇರವನ್ನು ತಾವೇ ಸಾರಿಕೊಳ್ಳುತ್ತವೆ. ಪಿಸ್ಟನ್ ರಿಂಗ್ ಸವೆದರೆ ನೀಲಿ ಹೊಗೆ ಬರುತ್ತದೆ, ಬೇರಿಂಗ್ ಹೋದರೆ ಕುಟ್ಟುವ ಸದ್ದು ಕೇಳುತ್ತದೆ, ಸೀಲ್ ಒಣಗಿದರೆ ನೆಲದ ಮೇಲೆ ಎಣ್ಣೆ ಬೀಳುತ್ತದೆ. ಎಂಜಿನ್ನಿನ ನಿಯಂತ್ರಣ ಕಂಪ್ಯೂಟರ್, ಅಂದರೆ ಇಸಿಯು ಎಂದು ಕರೆಯಲಾಗುವ ಆ ಚಪ್ಪಟೆ ಅಲ್ಯೂಮಿನಿಯಂ ಪೆಟ್ಟಿಗೆ, ಕೆಟ್ಟಾಗ ಇಂಥ ಯಾವ ಸುಳಿವನ್ನೂ ಕೊಡುವುದಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಂಡ ಎಂಜಿನ್ ಮಧ್ಯಾಹ್ನದ ಬಿಸಿಗೆ ತಾನಾಗಿ ನಿಂತುಬಿಡುತ್ತದೆ. ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಹಾಗಾಗಿ ಕೆಲವರು ಎಲ್ಲ ತೊಂದರೆಗೂ ಈ ಪೆಟ್ಟಿಗೆಯನ್ನೇ ದೂರುತ್ತಾರೆ, ಇನ್ನು ಕೆಲವರು ಅದರ ಮುಚ್ಚಳದ ಸ್ಕ್ರೂ ಮುಟ್ಟಲೂ ಅಂಜುತ್ತಾರೆ. ಮೂರನೆಯ ಬಗೆಯವರೂ ಇದ್ದಾರೆ. ಅವರು ಒಳಗೆ ಏನಿದೆಯೆಂದು ನೋಡುವ ಮೊದಲೇ ಹೆಚ್ಚಿನ ಅಶ್ವಶಕ್ತಿಯ ಆಸೆಗೆ ಚಿಪ್ ಬದಲಿಸುತ್ತಾರೆ. ದುರಸ್ತಿ ಮತ್ತು ಮಾರ್ಪಾಡು ಎರಡು ಬೇರೆ ಬೇರೆ ಕಸುಬುಗಳೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆಯನ್ನು ಅದರ ಮೊದಲಿನ ಸ್ಥಿತಿಗೆ ತರಬಲ್ಲವರಿಗೆ ಮಾತ್ರ ಅದನ್ನು ಬದಲಿಸುವ ಅರ್ಹತೆ ಬರುತ್ತದೆ ಎಂಬುದು ನನ್ನ ನಿಲುವು, ಮತ್ತು ಅದಕ್ಕೆ ಕಾರಣಗಳು ಪೂರ್ತಿ ತಾಂತ್ರಿಕವಾದವು.

1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಇಂಧನ ವ್ಯವಸ್ಥೆ ಬಂದಾಗ ಅದರ ನಿಯಂತ್ರಣ ಘಟಕದಲ್ಲಿ ಪ್ರೋಗ್ರಾಂ ಎಂಬುದೇ ಇರಲಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು, ಟ್ರಾನ್ಸಿಸ್ಟರ್ ಮತ್ತು ರೆಸಿಸ್ಟರ್‌ಗಳ ಅನಲಾಗ್ ಸರ್ಕ್ಯೂಟಿನ ಮೂಲಕ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಅದು ನಿರ್ಧರಿಸುತ್ತಿತ್ತು. ಪೋರ್ಷೆ 914ರ ಕೆಲವು ಎಂಜಿನ್‌ಗಳು ಇದನ್ನೇ ಬಳಸಿದವು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನೊಂದಿಗೆ ಬಂದ ಮೋಟ್ರಾನಿಕ್ ಆಟವನ್ನೇ ಬದಲಿಸಿತು. ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಮೈಕ್ರೊಪ್ರೊಸೆಸರ್ ನೋಡಿಕೊಳ್ಳತೊಡಗಿತು. ಅದು ಏನು ಮಾಡಬೇಕೆಂಬುದು ತಾಮ್ರದ ಗೆರೆಗಳಿಂದ ಹೊರಬಂದು ಮೆಮೊರಿ ಚಿಪ್ ಒಂದರಲ್ಲಿ ಬರೆದ ಸಂಖ್ಯೆಗಳಾಯಿತು. ಪೋರ್ಷೆ 944, 911 ಕರೆರಾ 3.2, ಬಿಎಂಡಬ್ಲ್ಯು ಎಂ3, ಫೆರಾರಿ 348 ಎಲ್ಲವೂ ಈ ವಂಶಕ್ಕೆ ಸೇರಿದವು. 348ರಲ್ಲಂತೂ ಎಂಟು ಸಿಲಿಂಡರುಗಳ ಎರಡು ಸಾಲುಗಳಿಗೆ ಪ್ರತ್ಯೇಕವಾಗಿ ಎರಡು ಪೆಟ್ಟಿಗೆಗಳಿದ್ದವು.

ಆ ಕಾಲದ 2732 ಚಿಪ್‌ನಲ್ಲಿ ಹಿಡಿಯುತ್ತಿದ್ದುದು 4 ಕಿಲೋಬೈಟ್, ನಂತರದ 27ಸಿ256ರಲ್ಲಿ 32 ಕಿಲೋಬೈಟ್. ಇಂದಿನ ಒಂದು ಸಾಧಾರಣ ಫೋಟೊ ಕೂಡ ಅದರಲ್ಲಿ ಹಿಡಿಯದು. ಆದರೂ ಎಂಜಿನ್ನಿನ ನಡತೆಯೆಲ್ಲ ಅಲ್ಲೇ ಇದೆ. ಎಂಜಿನ್ ವೇಗ ಒಂದು ಅಕ್ಷ, ಹೊರೆ ಇನ್ನೊಂದು ಅಕ್ಷ. ಎರಡೂ ಕೂಡುವ ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಇಂಧನಕ್ಕೊಂದು ಪಟ್ಟಿ, ಕಿಡಿಯ ಮುಂಗಡಕ್ಕೆ, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಹಾರಬೇಕೆಂಬುದಕ್ಕೆ, ಒಂದು ಪಟ್ಟಿ, ತಣ್ಣಗಿನ ಎಂಜಿನ್ನಿಗೆ ಬೇರೊಂದು ತಿದ್ದುಪಡಿ, ಬ್ಯಾಟರಿ ವೋಲ್ಟೇಜ್ ಕುಸಿದಾಗ ಇಂಜೆಕ್ಟರ್ ತಡವಾಗಿ ತೆರೆಯುವುದಕ್ಕೆ ಮತ್ತೊಂದು. 6000 ಆರ್‌ಪಿಎಂನಲ್ಲಿ ಒಂದು ಸುತ್ತು ಮುಗಿಯುವುದು 10 ಮಿಲಿಸೆಕೆಂಡಿನಲ್ಲಿ. ಅಷ್ಟರೊಳಗೆ ಪ್ರೊಸೆಸರ್ ಈ ಪಟ್ಟಿಗಳನ್ನು ನೋಡಿ, ಮನೆಗಳ ನಡುವಿನ ಬೆಲೆಯನ್ನು ಲೆಕ್ಕಹಾಕಿ, ಆಜ್ಞೆ ಕೊಡಬೇಕು. ಈ ಸಂಖ್ಯೆಗಳು ಯಾವುದೋ ಸೂತ್ರದಿಂದ ತಾವಾಗಿ ಹುಟ್ಟಿದವಲ್ಲ. ಎಂಜಿನ್ನಿನ ಶಕ್ತಿ ಅಳೆಯುವ ಡೈನಮೋಮೀಟರಿನ ಮೇಲೆ, ಹಿಮದಲ್ಲಿ, ಮರುಭೂಮಿಯಲ್ಲಿ, ಬೆಟ್ಟದ ಮೇಲೆ ಎಂಜಿನಿಯರುಗಳು ಎಂಜಿನ್ ಓಡಿಸಿ ನೋಡಿ, ಇಲ್ಲಿ ಇಷ್ಟು ಸಾಕು, ಅಲ್ಲಿ ಸ್ವಲ್ಪ ಹಿಂದೆ ಸರಿಯೋಣ ಎಂದು ಕೈಗೊಂಡ ತೀರ್ಮಾನಗಳು ಅವು. ಸರ್ವಿಸ್ ಕೈಪಿಡಿಯಲ್ಲಿ ವಾಲ್ವ್ ಅಂತರದಿಂದ ಬೋಲ್ಟ್ ಬಿಗಿತದವರೆಗೆ ಎಲ್ಲವೂ ಸಿಗುತ್ತದೆ. ಈ ಪಟ್ಟಿಗಳು ಸಿಗುವುದಿಲ್ಲ.

ದುರಸ್ತಿಯ ಮಾತಿಗೆ ಬರುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಇಸಿಯು ಕೆಟ್ಟಿದೆ ಎಂದು ಬಿಚ್ಚಿ ತಂದ ಪೆಟ್ಟಿಗೆಗಳಲ್ಲಿ ಬಹಳಷ್ಟು ಕೆಟ್ಟಿರುವುದಿಲ್ಲ. ಪೋರ್ಷೆ 944 ಮತ್ತು ಅದೇ ಕಾಲದ 911ರಲ್ಲಿ ಇಸಿಯುಗೂ ಇಂಧನ ಪಂಪಿಗೂ ವಿದ್ಯುತ್ ಕೊಡುವ ಡಿಎಂಇ ರಿಲೇ ಎಂಬ ವಿದ್ಯುತ್ ಸ್ವಿಚ್ ಇದೆ. ಅದರೊಳಗಿನ ಬೆಸುಗೆ ವರ್ಷಗಳ ಬಿಸಿ–ತಂಪಿಗೆ ಬಿರುಕುಬಿಟ್ಟು ಕಾರನ್ನು ನಿಲ್ಲಿಸುವುದು ಆ ಕಾರುಗಳ ಒಡೆಯರಿಗೆಲ್ಲ ಗೊತ್ತಿರುವ ಸಂಗತಿ. ಅನುಭವಿಗಳು ಒಂದು ಹೆಚ್ಚುವರಿ ರಿಲೇಯನ್ನು ಗ್ಲೋವ್‌ಬಾಕ್ಸಿನಲ್ಲೇ ಇಟ್ಟಿರುತ್ತಾರೆ. ಕೂಲಂಟ್ ತಾಪಮಾನದ ಸೆನ್ಸರ್ ಇನ್ನೊಂದು ಮೋಸಗಾರ. ಬಾಷ್ ಸೆನ್ಸರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.5 ಕಿಲೋಓಮ್ ತೋರಿಸಬೇಕು, 80 ಡಿಗ್ರಿಯಲ್ಲಿ ಅದು ಸುಮಾರು 300 ಓಮ್‌ಗೆ ಇಳಿಯಬೇಕು. ಅದರ ತಂತಿ ತುಂಡಾದರೆ ರೋಧ ಅಪಾರವಾಗುತ್ತದೆ. ಅದನ್ನು ಪರೀಕ್ಷಿಸುವ ವ್ಯವಸ್ಥೆಯಿಲ್ಲದ ಹಳೆಯ ಪೆಟ್ಟಿಗೆ ಹೊರಗೆ ಕೊರೆಯುವ ಚಳಿಯಿದೆಯೆಂದೇ ನಂಬಿ ಸಿಲಿಂಡರುಗಳಿಗೆ ಪೆಟ್ರೋಲ್ ಸುರಿಯುತ್ತದೆ. ಪೆಟ್ಟಿಗೆ ತಪ್ಪು ಮಾಡುತ್ತಿಲ್ಲ, ಅದಕ್ಕೆ ಸಿಕ್ಕ ಸುದ್ದಿ ತಪ್ಪು. ಎಂಜಿನ್ ಬ್ಲಾಕಿಗೆ ಬಿಗಿದ ಗ್ರೌಂಡ್ ತಂತಿಯ ತುಕ್ಕು ಮಾಡುವ ಕೀಟಲೆಯನ್ನು ಬರೆಯಹೊರಟರೆ ಅದಕ್ಕೇ ಬೇರೊಂದು ಬರಹ ಬೇಕು. 1996ರಲ್ಲಿ ಅಮೆರಿಕದಲ್ಲಿ ದೋಷ ಓದುವ ಏಕರೂಪದ ವ್ಯವಸ್ಥೆಯಾದ ಒಬಿಡಿ-2 ಕಡ್ಡಾಯವಾಗುವುದಕ್ಕೆ ಮೊದಲಿನ ಕಾರುಗಳಲ್ಲಿ ದೋಷ ಕೇಳಿ ತಿಳಿಯುವ ರೀತಿ ಒಬ್ಬೊಬ್ಬ ತಯಾರಕನದು ಒಂದೊಂದು. ಟೊಯೊಟಾದಲ್ಲಿ ಪರೀಕ್ಷಾ ಕನೆಕ್ಟರಿನ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿಣುಕಿ ಸಂಖ್ಯೆ ಹೇಳುತ್ತದೆ. ಆ ಮಿಣುಕನ್ನು ಎಣಿಸದೆ ಪೆಟ್ಟಿಗೆ ಬಿಚ್ಚುವುದು ಆತುರ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಒಳಗೇ ಇದೆಯೆಂದು ಖಚಿತವಾದಾಗ ನಾನು ಮೊದಲು ಹುಡುಕುವುದು ವಿದ್ಯುತ್ತನ್ನು ಕೂಡಿಟ್ಟು ಅದರ ಏರಿಳಿತ ತಗ್ಗಿಸುವ ಕೆಪಾಸಿಟರುಗಳನ್ನು. 1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲ ವರ್ಷಗಳ ಜಪಾನೀ ಪೆಟ್ಟಿಗೆಗಳಲ್ಲಿ ಇದು ಹೆಚ್ಚುಕಡಿಮೆ ವಂಶಪಾರಂಪರ್ಯದ ರೋಗ. ಮಿತ್ಸುಬಿಷಿ ಎಕ್ಲಿಪ್ಸ್, 3000ಜಿಟಿ ಮುಂತಾದವು ಇದಕ್ಕೆ ಹೆಸರಾಗಿವೆ, ಟೊಯೊಟಾದ ಹಳೆಯ ಟರ್ಬೊ ಕಾರುಗಳೂ ಹೊರತಲ್ಲ. ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ದ್ರವವಿರುತ್ತದೆ. ಆ ಕಾಲದ ಕೆಲವು ಕೆಪಾಸಿಟರುಗಳಲ್ಲಿ ಬಳಸಿದ ಕ್ವಾಟರ್ನರಿ ಅಮೋನಿಯಂ ಲವಣದ ದ್ರವ ರಬ್ಬರ್ ಮುಚ್ಚಳವನ್ನು ದಾಟಿ ಹೊರಗೆ ಒಸರುತ್ತದೆ. ಮುಚ್ಚಳ ತೆಗೆದಾಗ ಮೀನಿನ ವಾಸನೆ ಬಂದರೆ ರೋಗನಿರ್ಣಯ ಅರ್ಧ ಮುಗಿದ ಹಾಗೆ. ಒಸರಿದ ದ್ರವ ಬೋರ್ಡಿನ ಹಸಿರು ಪದರದ ಕೆಳಗೆ ನುಸುಳಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವ ಸಣ್ಣ ರಂಧ್ರಗಳ ಒಳಗೋಡೆಯನ್ನೂ ಬಿಡುವುದಿಲ್ಲ. ಕೆಲವೊಮ್ಮೆ ದ್ರವ ತಾನೇ ವಿದ್ಯುತ್ತನ್ನು ಸಾಗಿಸಿ, ಕೂಡಬಾರದ ಎರಡು ಗೆರೆಗಳನ್ನು ಕೂಡಿಸುತ್ತದೆ. ಐಡಲ್, ಅಂದರೆ ಕಾರು ನಿಂತಿರುವಾಗಿನ ಎಂಜಿನ್ ವೇಗ, ತಾನಾಗಿ ಏರಿಳಿಯುವುದು, ಇಂಜೆಕ್ಟರ್ ಒಂದು ಸುಮ್ಮನಾಗುವುದು, ದೀಪ ಅಕಾರಣವಾಗಿ ಉರಿಯುವುದು, ಎಲ್ಲದರ ಮೂಲ ಇಷ್ಟೇ ಇರಬಹುದು.

ಇಲ್ಲಿ ಹೊಸ ಕೆಪಾಸಿಟರ್ ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ನಿಜವಾದ ಕೆಲಸ ಇರುವುದು ತೊಳೆಯುವುದರಲ್ಲಿ. ಬೋರ್ಡಿನ ಮೇಲಿನ ರಕ್ಷಕ ಲೇಪವನ್ನು ಮೊದಲು ಆ ಜಾಗದಲ್ಲಿ ತೆಗೆಯಬೇಕು. ಅದು ಅಕ್ರಿಲಿಕ್ ಆದರೆ ದ್ರಾವಕಕ್ಕೆ ಕರಗುತ್ತದೆ, ಸಿಲಿಕೋನ್ ಆದರೆ ತಾಳ್ಮೆಯಿಂದ ಕೆರೆಯಬೇಕು, ಯುರೆಥೇನ್ ಆದರೆ ದಿನವೆಲ್ಲ ಅದಕ್ಕೇ ಹೋಗುತ್ತದೆ. ಕ್ಷಾರೀಯ ದ್ರವವನ್ನು ಸೌಮ್ಯ ಆಮ್ಲದಿಂದ ಶಮನಗೊಳಿಸಿ, ನೀರಿನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ನಂತರ ಆ ಪ್ರದೇಶದ ಪ್ರತಿ ಗೆರೆಯನ್ನೂ ಪ್ರತಿ ರಂಧ್ರವನ್ನೂ ಮಲ್ಟಿಮೀಟರಿನಲ್ಲಿ ಅಳೆಯಬೇಕು, ಏಕೆಂದರೆ ಕಣ್ಣಿಗೆ ಸರಿಯಾಗಿ ಕಾಣುವ ಗೆರೆ ಒಳಗೆ ಕೂದಲೆಳೆಯಷ್ಟೇ ಉಳಿದಿರಬಹುದು. ಹೊಸ ಕೆಪಾಸಿಟರಿಗೆ 105 ಡಿಗ್ರಿಯ ದರ್ಜೆಯೇ ಬೇಕು. ತಾಪಮಾನ 10 ಡಿಗ್ರಿ ಇಳಿದರೆ ಅದರ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕ ಈ ಕ್ಷೇತ್ರದಲ್ಲಿ ಬಹುಕಾಲದಿಂದ ನಿಂತಿದೆ. ಬೆಸುಗೆಗೆ ಆ ಕಾಲದ ಬೋರ್ಡಿನಲ್ಲಿರುವ ಸೀಸ–ತವರದ ಮಿಶ್ರಣವನ್ನೇ ಬಳಸುವುದು ವಾಸಿ. 63/37 ಮಿಶ್ರಣ 183 ಡಿಗ್ರಿಯಲ್ಲಿ ಕರಗುತ್ತದೆ, ಸೀಸವಿಲ್ಲದ ಬೆಸುಗೆಗಳು ಅದಕ್ಕಿಂತ 30 ಡಿಗ್ರಿಗೂ ಹೆಚ್ಚು ಬಿಸಿ ಕೇಳುತ್ತವೆ, ಮತ್ತು ದಶಕಗಳ ಹಿಂದೆ ಅಂಟಿಸಿದ ತಾಮ್ರದ ಪ್ಯಾಡುಗಳಿಗೆ ಆ ಹೆಚ್ಚಿನ ಬಿಸಿ ಒಳ್ಳೆಯದಲ್ಲ.

ಮಿಕ್ಕ ದೋಷಗಳಲ್ಲಿ ಹೆಚ್ಚಿನವು ಮನುಷ್ಯರು ತಂದುಕೊಂಡವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ ಆಲ್ಟರ್ನೇಟರಿನಿಂದ ಕೆಲವು ನೂರು ಮಿಲಿಸೆಕೆಂಡುಗಳ ಕಾಲ 80 ವೋಲ್ಟಿಗೂ ಮೀರಿದ ಅಲೆ ಹೊಮ್ಮಬಹುದು. ಪೆಟ್ಟಿಗೆಯ ಬಾಗಿಲಲ್ಲಿರುವ ಹೆಚ್ಚಿನ ವೋಲ್ಟೇಜನ್ನು ತಡೆಯುವ ಝೀನರ್ ಡಯೋಡ್ ಅದನ್ನು ನುಂಗಿಕೊಂಡು ಸಾಯುತ್ತದೆ, ಇಲ್ಲವೇ ಅದರ ಹಿಂದಿರುವ ರೆಗ್ಯುಲೇಟರ್ ಸಾಯುತ್ತದೆ. 12ರಿಂದ 16 ಓಮ್ ರೋಧದ ಇಂಜೆಕ್ಟರಿಗಾಗಿ ಮಾಡಿದ ಡ್ರೈವರಿಗೆ, ಅಂದರೆ ಅದನ್ನು ನಡೆಸುವ ಟ್ರಾನ್ಸಿಸ್ಟರಿಗೆ, 2–3 ಓಮ್ ರೋಧದ ದೊಡ್ಡ ಇಂಜೆಕ್ಟರ್ ಜೋಡಿಸಿದರೆ ಕರೆಂಟ್ ನಾಲ್ಕೈದು ಪಟ್ಟು ಏರುತ್ತದೆ, ಟ್ರಾನ್ಸಿಸ್ಟರ್ ಕಾದು ಸುಟ್ಟುಹೋಗುತ್ತದೆ. ಸುಟ್ಟ ಟ್ರಾನ್ಸಿಸ್ಟರನ್ನು ಬದಲಿಸುವುದು ಸುಲಭ. ಯಾಕೆ ಸುಟ್ಟಿತೆಂದು ಕೇಳದೆ ಬದಲಿಸಿದರೆ ಅದೇ ಪೆಟ್ಟಿಗೆ ಮತ್ತೆ ಮೇಜಿಗೆ ಬರುತ್ತದೆ.

ದುರಸ್ತಿಯಾದ ಪೆಟ್ಟಿಗೆಯನ್ನು ನೇರವಾಗಿ ಕಾರಿಗೆ ಜೋಡಿಸುವುದು ನನಗೆ ಒಗ್ಗದ ಧೈರ್ಯ. ಕರೆಂಟಿಗೆ ಮಿತಿ ಹಾಕಿದ 12 ವೋಲ್ಟಿನ ಪೂರೈಕೆ, ಇಂಜೆಕ್ಟರುಗಳ ಜಾಗದಲ್ಲಿ ಸಣ್ಣ ದೀಪಗಳು, ಸೆನ್ಸರುಗಳ ಜಾಗದಲ್ಲಿ ರೆಸಿಸ್ಟರುಗಳು, ಮತ್ತು ಎಂಜಿನ್ ಸುತ್ತುವುದನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಅಲೆಯನ್ನು ಅನುಕರಿಸುವ ಒಂದು ಸಿಗ್ನಲ್ ಜನರೇಟರ್ ಇದ್ದರೆ ಮೇಜಿನ ಮೇಲೆಯೇ ಎಂಜಿನ್ ಓಡುತ್ತಿದೆಯೆಂದು ಅದನ್ನು ನಂಬಿಸಬಹುದು. ನಂತರದ ಅನೇಕ ಬಾಷ್ ವ್ಯವಸ್ಥೆಗಳಲ್ಲಿ 60 ಹಲ್ಲುಗಳಿಗೆ ಎರಡು ಕಡಿಮೆಯಿರುವ ಚಕ್ರದ ಅಲೆ ಸಾಕು. 944ರಲ್ಲಿ ಫ್ಲೈವ್ಹೀಲಿನ 132 ಹಲ್ಲುಗಳನ್ನು ಎಣಿಸುವ ಒಂದು ಸೆನ್ಸರ್, ಸುತ್ತಿಗೊಮ್ಮೆ ಗುರುತು ಕೊಡುವ ಇನ್ನೊಂದು ಸೆನ್ಸರ್, ಎರಡನ್ನೂ ಅನುಕರಿಸಬೇಕು. ಬಿಸಿಗಾಳಿಯನ್ನೂ ತಣ್ಣನೆಯ ಸ್ಪ್ರೇಯನ್ನೂ ಒಂದೊಂದೇ ಬಿಡಿಭಾಗದ ಮೇಲೆ ಹಾಯಿಸುತ್ತ ಹೋದಾಗ, ಮಧ್ಯಾಹ್ನದ ಬಿಸಿಗೆ ಮಾತ್ರ ಕಾಣಿಸಿಕೊಳ್ಳುವ ದೋಷ ಕೊನೆಗೂ ತನ್ನ ವಿಳಾಸ ಕೊಡುತ್ತದೆ.

ಈ ಹಂತದಲ್ಲಿ, ಬೇರೇನನ್ನೂ ಮಾಡುವ ಮೊದಲು, ಮೆಮೊರಿ ಚಿಪ್ಪಿನ ನಕಲು ಮಾಡಿಕೊಳ್ಳಬೇಕು. ಇಪ್ರಾಮ್ ಎಂಬ ಈ ಬಗೆಯ ಮೆಮೊರಿ ಚಿಪ್ಪಿನ ನೆತ್ತಿಯ ಮೇಲೆ ಕ್ವಾರ್ಟ್ಜ್ ಗಾಜಿನ ಕಿಟಕಿಯಿರುತ್ತದೆ. 254 ನ್ಯಾನೊಮೀಟರ್ ತರಂಗದ ನೇರಳಾತೀತ ಬೆಳಕು ಸುಮಾರು 20 ನಿಮಿಷ ಅದರೊಳಗೆ ಬಿದ್ದರೆ, ತೇಲುವ ಗೇಟುಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನೇರ ಬಿಸಿಲಿಗೂ ಒಂದು ವಾರದಲ್ಲಿ ಆ ಕೆಲಸ ಸಾಧ್ಯವೆಂದು ತಯಾರಕರ ದಾಖಲೆಗಳೇ ಹೇಳುತ್ತವೆ. ಹಾಗಾಗಿ ಕಿಟಕಿಯ ಮೇಲಿನ ಚೀಟಿಯನ್ನು ಕುತೂಹಲಕ್ಕೆ ಕೀಳಬಾರದು. ಬೆಳಕು ಬೀಳದಿದ್ದರೂ ಆ ಎಲೆಕ್ಟ್ರಾನುಗಳು ಬಹು ನಿಧಾನವಾಗಿ ಸೋರುತ್ತವೆ. ಹಳೆಯ ಚಿಪ್ಪನ್ನು ಎರಡು ಬೇರೆ ಬೇರೆ ವೋಲ್ಟೇಜುಗಳಲ್ಲಿ ಓದಿ, ಎರಡೂ ಓದು ಒಂದೇ ಆಗಿವೆಯೇ ಎಂದು ಹೋಲಿಸುವುದು ಅದಕ್ಕೇ. ಒಂದು ಬಿಟ್ ಅಲುಗಾಡುತ್ತಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಚಿಪ್ಪಿಗೆ ದಾರಿ ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ರೀತಿ ಇಲ್ಲ. ಜನರಲ್ ಮೋಟರ್ಸಿನ ಡೆಲ್ಕೊ ಪೆಟ್ಟಿಗೆಗಳಲ್ಲಿ ಮೆಮೊರಿಯ ಭಾಗವನ್ನೇ ಕೈಯಿಂದ ಕಳಚಬಹುದಿತ್ತು. ಅದನ್ನು ಬಳಸಿದ ಲೋಟಸ್ ಎಸ್ಪ್ರಿಟ್ ಒಡೆಯರು ಅದೃಷ್ಟವಂತರು. 1990ರ ದಶಕದ ಮೊದಲ ಭಾಗದ ಹೋಂಡಾ ಸಿವಿಕ್ಕಿನ ಪಿ28 ಪೆಟ್ಟಿಗೆಯಲ್ಲಿ ಪ್ರೋಗ್ರಾಂ ಓಕಿ ಪ್ರೊಸೆಸರಿನೊಳಗೇ ಇದೆ, ಆದರೆ ಹೊರಗಿನ ಚಿಪ್ಪಿಗೆ ಬೇಕಾದ ಜಾಗವನ್ನು ಬೋರ್ಡಿನ ಮೇಲೆ ಖಾಲಿ ಬಿಡಲಾಗಿದೆ. ಒಂದು 74ಎಚ್‌ಸಿ373 ಚಿಪ್, ಒಂದು 28 ಕಾಲಿನ ಸಾಕೆಟ್, ಒಂದು ರೆಸಿಸ್ಟರ್, ಎರಡು ಪುಟ್ಟ ಕೆಪಾಸಿಟರ್ ಹಾಕಿ, ಜೆ1 ಎಂಬ ಜಾಗದಲ್ಲಿ ತಂತಿಯ ತುಂಡೊಂದನ್ನು ಬೆಸೆದರೆ ಪ್ರೊಸೆಸರ್ ಒಳಗಿನ ಪ್ರೋಗ್ರಾಂ ಬಿಟ್ಟು ಹೊರಗಿನದನ್ನು ಓದತೊಡಗುತ್ತದೆ. ತಯಾರಕರು ತಮ್ಮ ಪ್ರಯೋಗಗಳಿಗಾಗಿ ಬಿಟ್ಟ ಬಾಗಿಲು ಹವ್ಯಾಸಿಗಳ ಹೆದ್ದಾರಿಯಾಯಿತು. ಅದೇ ಕಾಲದ ಟೊಯೊಟಾ ಪೆಟ್ಟಿಗೆಗಳಲ್ಲಿ ಪ್ರೋಗ್ರಾಂ ಪ್ರೊಸೆಸರಿನ ಸಿಲಿಕಾನಿನಲ್ಲೇ ಅಚ್ಚಾಗಿರುತ್ತದೆ, ಬದಲಿಸಲು ಸಾಧ್ಯವಿಲ್ಲ. ಅದಕ್ಕಾಗಿಯೇ ಸುಪ್ರಾ ಮತ್ತು ಎಂಆರ್2 ಲೋಕದಲ್ಲಿ, ಸೆನ್ಸರಿನ ಸುದ್ದಿಯನ್ನು ನಡುದಾರಿಯಲ್ಲಿ ತಿರುಚುವ ಹೆಚ್ಚುವರಿ ಪೆಟ್ಟಿಗೆಗಳು ಅಷ್ಟು ಜನಪ್ರಿಯವಾದವು.

ಈ ತಿರುಚುವಿಕೆಯ ಬಗ್ಗೆ ನನಗೆ ಬಲವಾದ ತಕರಾರು ಇದೆ. ಒಬ್ಬರು 30 ಶೇಕಡಾ ದೊಡ್ಡ ಇಂಜೆಕ್ಟರ್ ಹಾಕಿದರೆಂದು ಇಟ್ಟುಕೊಳ್ಳೋಣ. ಇಂಧನ ಹೆಚ್ಚಾಗದಿರಲೆಂದು ಗಾಳಿಯ ಸೆನ್ಸರಿನ ಸಿಗ್ನಲನ್ನು ಸುಮಾರು 23 ಶೇಕಡಾ ಇಳಿಸುತ್ತಾರೆ. ಇಂಧನದ ಲೆಕ್ಕ ಸರಿಹೋಗುತ್ತದೆ. ಆದರೆ ಅದೇ ಸಿಗ್ನಲಿನಿಂದಲೇ ಪೆಟ್ಟಿಗೆ ಎಂಜಿನ್ನಿನ ಹೊರೆಯನ್ನೂ ತಿಳಿಯುವುದರಿಂದ, ಹೊರೆ ಕಡಿಮೆಯಿದೆಯೆಂದು ಅದು ನಂಬುತ್ತದೆ ಮತ್ತು ಕಿಡಿಯ ಪಟ್ಟಿಯಲ್ಲಿ ಹಗುರ ಹೊರೆಯ ಸಾಲಿಗೆ ಸರಿಯುತ್ತದೆ. ಹಗುರ ಹೊರೆಯ ಸಾಲಿನಲ್ಲಿ ಕಿಡಿಯ ಮುಂಗಡ ಯಾವಾಗಲೂ ಹೆಚ್ಚು. ಹೀಗೆ ಪೂರ್ತಿ ಟರ್ಬೊ ಒತ್ತಡದಲ್ಲಿ ಓಡುತ್ತಿರುವ ಎಂಜಿನ್ನಿಗೆ ನಿಧಾನ ಪಯಣದ ಕಿಡಿ ಸಿಗುತ್ತದೆ, ನಾಕಿಂಗ್, ಅಂದರೆ ಮಿಶ್ರಣ ಅಕಾಲದಲ್ಲಿ ಸಿಡಿಯುವುದು, ಶುರುವಾಗುತ್ತದೆ, ಪಿಸ್ಟನ್ನಿನ ಅಂಚು ಒಡೆಯುತ್ತದೆ. ಕಾರಿನ ಒಡೆಯರು ಕಳಪೆ ಪೆಟ್ರೋಲನ್ನು ದೂರುತ್ತಾರೆ. ಪೆಟ್ಟಿಗೆಯ ಸರ್ಕ್ಯೂಟನ್ನು ಸೆನ್ಸರಿನಿಂದ ಪ್ರೊಸೆಸರಿನವರೆಗೆ ಕೈಯಾರೆ ಹಿಂಬಾಲಿಸಿದವರಿಗೆ ಒಂದು ಸಿಗ್ನಲಿಗೆ ಎಷ್ಟು ಗಿರಾಕಿಗಳಿದ್ದಾರೆಂದು ಗೊತ್ತಿರುತ್ತದೆ. ನಾನು ದುರಸ್ತಿಯನ್ನು ಮೊದಲು ಕಲಿಯಬೇಕೆನ್ನುವುದು ಈ ಕಾರಣಕ್ಕೆ.

ಚಿಪ್ಪಿನ ಪಟ್ಟಿಯನ್ನೇ ನೇರವಾಗಿ ತಿದ್ದುವುದು ಇದಕ್ಕಿಂತ ಪ್ರಾಮಾಣಿಕ ದಾರಿ. ಪಟ್ಟಿ ಎಲ್ಲಿದೆಯೆಂದು ಹುಡುಕಿ, ಬದಲಿಸಿ, ಪ್ರೋಗ್ರಾಂ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದರೆ ಅದಕ್ಕೆ ಬಳಸುವ ಚೆಕ್‌ಸಮ್ ಎಂಬ ಮೊತ್ತವನ್ನೂ ಸರಿಪಡಿಸಿ, ಹೊಸ ಚಿಪ್ಪಿಗೆ ಬರೆಯಬೇಕು. ಆದರೆ ಬರೆಯುವ ಮೊದಲು ಆ ಸಂಖ್ಯೆ ಯಾಕೆ ಹಾಗಿತ್ತೆಂದು ಯೋಚಿಸುವುದು ಒಳ್ಳೆಯದು. ಹಳೆಯ ಕಾಲದ ಹೆಚ್ಚಿನ ಪವರ್ ಚಿಪ್ಪುಗಳು ಮಾಡುತ್ತಿದ್ದುದು ಇಷ್ಟೇ: ಕಿಡಿಯನ್ನು ಕೆಲವು ಡಿಗ್ರಿ ಮುಂದೆ ತಳ್ಳುವುದು, ಪೂರ್ಣ ಹೊರೆಯಲ್ಲಿ ಇಂಧನವನ್ನು ತುಸು ಬದಲಿಸುವುದು, ವೇಗದ ಮಿತಿಯನ್ನು ಮೇಲೆತ್ತುವುದು. ಅಂದರೆ ತಯಾರಕರು ಬಿಟ್ಟಿದ್ದ ಅಂಚನ್ನು ಬಳಸಿಕೊಳ್ಳುವುದು. ಆ ಅಂಚು ಕಡಿಮೆ ಆಕ್ಟೇನಿನ ಪೆಟ್ರೋಲಿಗೆ, ಸುಡುವ ಬಿಸಿಲಿಗೆ, ಕಟ್ಟಿಕೊಂಡ ಇಂಜೆಕ್ಟರಿಗೆ, ದಣಿದ ಪಂಪಿಗೆ ಇಟ್ಟಿದ್ದು. ಹೊಸ ಕಾರಿನಲ್ಲಿ ಅದರ ಬಹುಭಾಗ ನಿರುಪಯುಕ್ತವಾಗಿ ಬಿದ್ದಿರುತ್ತಿತ್ತು, ಆದ್ದರಿಂದ ಆಗ ಚಿಪ್ ಹಾಕಿದವರಿಗೆ ಲಾಭವೂ ಕಂಡಿತು. ಮೂವತ್ತು–ನಲವತ್ತು ವರ್ಷ ದಾಟಿದ ಕಾರಿನಲ್ಲಿ ಆ ಅಂಚನ್ನು ವಯಸ್ಸು ಈಗಾಗಲೇ ತಿಂದುಹಾಕಿದೆ. ಪಂಪಿನ ಒತ್ತಡ ಇಳಿದಿದೆ, ಇಂಜೆಕ್ಟರುಗಳ ಹರಿವು ಒಂದರಂತೆ ಒಂದಿಲ್ಲ, ದಹನ ಕೋಣೆಯಲ್ಲಿ ಇಂಗಾಲ ಕಟ್ಟಿದೆ. ಅದೇ ಹಳೆಯ ಚಿಪ್ಪನ್ನು ಇಂದು ಹಾಕಿದರೆ ಅದು ಇಲ್ಲದ ಹಣದ ಮೇಲೆ ಬರೆದ ಚೆಕ್ ಆಗುತ್ತದೆ. ಮೊದಲು ಇಂಜೆಕ್ಟರುಗಳನ್ನು ಅಳೆಸಿ, ಇಂಧನದ ಒತ್ತಡ ನೋಡಿ, ಹೊಗೆಯಿಂದ ಗಾಳಿ–ಇಂಧನದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ ಹಾಕಿ ಪೂರ್ಣ ಹೊರೆಯಲ್ಲಿ ಮಿಶ್ರಣ ಎಷ್ಟಿದೆಯೆಂದು ತಿಳಿದ ಮೇಲೆ, ತಿದ್ದಬೇಕಾದ ಸಂಖ್ಯೆಗಳು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದು ಕಾಣುವುದುಂಟು.

ಹಳೆಯ ಪೆಟ್ಟಿಗೆಯನ್ನೇ ತೆಗೆದುಹಾಕಿ ಸ್ವತಂತ್ರ ಇಸಿಯು ಹಾಕುವುದು ಇನ್ನೊಂದು ದಾರಿ. ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್ ಬಂದ ಮೇಲೆ, ಬೆಸುಗೆ ಬಲ್ಲ ಯಾರೇ ಆದರೂ ತಮ್ಮ ಇಸಿಯುವನ್ನು ತಾವೇ ಕಟ್ಟಬಹುದೆಂಬ ಕಾಲ ಬಂತು. ಆರ್ಡುಯಿನೊ ಎಂಬ ಹವ್ಯಾಸಿಗಳ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಆಧರಿಸಿದ ಸ್ಪೀಡುಯಿನೊ ಅದನ್ನು ಇನ್ನಷ್ಟು ಸರಳಗೊಳಿಸಿತು. ರೇಸಿನ ಕಾರಿಗೆ ಇದೇ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ರಸ್ತೆಯ ಕಾರಿನಲ್ಲಿ ಮಾತ್ರ ತಯಾರಕರ ಕೆಲಸದ ಬೆಲೆ ಆಗ ತಿಳಿಯುತ್ತದೆ. ಪೂರ್ಣ ಹೊರೆಯ ಪಟ್ಟಿಯನ್ನು ಡೈನಮೋಮೀಟರಿನ ಮೇಲೆ ಒಂದು ಮಧ್ಯಾಹ್ನದಲ್ಲಿ ಕೂಡಿಸಬಹುದು. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳುವ ರೀತಿ, ಬಿಸಿ ಎಂಜಿನ್ ಅರ್ಧ ಗಂಟೆ ನಿಂತು ಮತ್ತೆ ಹೊತ್ತಿಕೊಳ್ಳುವ ರೀತಿ, ಥ್ರಾಟಲ್ ಬಿಟ್ಟಾಗ ಐಡಲ್ಲಿಗೆ ಇಳಿಯುವ ನಯ, ಇವುಗಳಿಗೆ ತಿಂಗಳುಗಳು ಬೇಕು. ಪೂರ್ತಿ ತಣಿದ ಎಂಜಿನ್ ದಿನಕ್ಕೆ ಒಂದೇ ಸಲ ಸಿಗುತ್ತದೆ. ಮೂಲ ತಂತಿಜಾಲವನ್ನು ಕತ್ತರಿಸದೆ, ಮೂಲ ಕನೆಕ್ಟರಿಗೇ ಕೂಡುವ ಅಡಾಪ್ಟರ್ ಮಾಡಿ ಇದನ್ನು ಹಾಕುವವರನ್ನು ಕಂಡರೆ ನನಗೆ ಗೌರವ. ಕತ್ತರಿಸಿದ ತಂತಿಜಾಲ ಮಾತ್ರ ಮತ್ತೆ ಮೊದಲಿನಂತಾಗುವುದಿಲ್ಲ.

ಮೂಲವನ್ನು ಉಳಿಸಿಕೊಂಡವರಿಗೂ ತೊಂದರೆ ತಪ್ಪಿದ್ದಲ್ಲ. ಒಟ್ಟು 106 ಮಾತ್ರ ತಯಾರಾದ ಮೆಕ್‌ಲಾರೆನ್ ಎಫ್1 ಕಾರುಗಳನ್ನು ನೋಡಿಕೊಳ್ಳಲು ಆ ಕಂಪನಿ 1990ರ ದಶಕದ ಕಾಂಪ್ಯಾಕ್ ಎಲ್‌ಟಿಇ 5280 ಲ್ಯಾಪ್‌ಟಾಪುಗಳನ್ನೇ ಬಳಸುತ್ತಿರುವ ಸಂಗತಿ 2016ರಲ್ಲಿ ಸುದ್ದಿಯಾಯಿತು. ಕಾರಿನೊಂದಿಗೆ ಮಾತಾಡುವ ಕಾರ್ಡು ಆ ಲ್ಯಾಪ್‌ಟಾಪಿಗೆ ಮಾತ್ರ ಹೊಂದುವಂತೆ ಮಾಡಿದ್ದು. ಜಗತ್ತಿನ ಅತ್ಯಂತ ದುಬಾರಿ ಕಾರುಗಳಲ್ಲೊಂದರ ಪಾಡೇ ಹೀಗಾದರೆ ಸಾಧಾರಣ 944ರ ಮಾತೇನು? ಪೆಟ್ಟಿಗೆ, ಅದರ ಪ್ರೋಗ್ರಾಂ, ಅದನ್ನು ಓದುವ ಉಪಕರಣ ಮೂರೂ ಒಟ್ಟಿಗೆ ಉಳಿಯಬೇಕು, ಒಂದು ಹೋದರೂ ಮಿಕ್ಕೆರಡು ಅರ್ಧ ನಿರುಪಯುಕ್ತ. ವಾಹನಗಳ ಸಾಫ್ಟ್‌ವೇರನ್ನು ದುರಸ್ತಿಗಾಗಿ ತೆರೆಯಲು ಅಮೆರಿಕದಲ್ಲಿ 2015ರಲ್ಲಿ ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಆದರೆ ಹೊಗೆಯ ನಿಯಮಗಳನ್ನು ಮೀರುವ ತಿದ್ದುಪಡಿಗೆ ಅದು ಪರವಾನಗಿಯಲ್ಲ, ಮತ್ತು ಹಾಗಿರುವುದೇ ಸರಿ.

ಮೂಲ ಚಿಪ್ ಕಾರಿನಲ್ಲೇ ಇರಬೇಕೆಂದು ಹಟಹಿಡಿಯುವ ಸಂಗ್ರಾಹಕರೊಡನೆ ನನಗೆ ಒಮ್ಮತವಿಲ್ಲ. ಸೋರುತ್ತಿರುವ ಚಿಪ್ಪನ್ನು ಬಿಸಿಯಲ್ಲಿ ಅದುರುತ್ತ ದುಡಿಸುವುದಕ್ಕಿಂತ, ಅದರ ನಿಖರ ನಕಲನ್ನು ಹೊಸ ಚಿಪ್ಪಿಗೆ ಬರೆದು ಕಾರಿಗೆ ಹಾಕಿ, ಮೂಲವನ್ನು ಸ್ಥಿರವಿದ್ಯುತ್ ತಾಗದ ಫೋಮಿನಲ್ಲಿ ಎತ್ತಿಡುವುದು ಉತ್ತಮ. ಫೈಲಿನ ಹೆಸರಿನಲ್ಲಿ ಪೆಟ್ಟಿಗೆಯ ಪಾರ್ಟ್ ನಂಬರ್, ಚಿಪ್ಪಿನ ಚೀಟಿಯ ಮೇಲಿನ ಸಂಖ್ಯೆ ಮತ್ತು ಚೆಕ್‌ಸಮ್ ಮೂರೂ ಇರಲಿ. ಪಾರ್ಟ್ ನಂಬರ್ ಒಂದನ್ನೇ ನಂಬುವಂತಿಲ್ಲ, ಏಕೆಂದರೆ ಒಂದೇ ಸಂಖ್ಯೆಯ ಪೆಟ್ಟಿಗೆಗಳಲ್ಲಿ ಬೇರೆ ಬೇರೆ ಮಾರುಕಟ್ಟೆಗಳ ಚಿಪ್ಪುಗಳು ಅದಲುಬದಲಾಗಿರುವುದು ಈ ಕಾರುಗಳಲ್ಲಿ ಸಾಮಾನ್ಯ, ಮತ್ತು ಹಿಂದಿನ ಯಾವುದೋ ಒಡೆಯರು ಹಾಕಿಸಿದ ಪವರ್ ಚಿಪ್ಪನ್ನೇ ಕಾರ್ಖಾನೆಯ ಮೂಲವೆಂದು ಭಾವಿಸಿ ಜೋಪಾನ ಮಾಡಿದವರೂ ಇದ್ದಾರೆ.